ಹರಿಗೋಲಿನಲ್ಲಿ ನಕ್ಕ ಕೂಸು

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ವಿಕಾರವಾದ ಮುಖ ಕಂಡರೆ ನನ್ನ ಮನಸ್ಸು ಹಿಂಜರಿಯುತ್ತದೆ. ಇದನ್ನು ಗೆಲ್ಲಲು ಯಾವ ಸಾಧನೆ ಮಾಡಬೇಕು?”

ಗುರು ಒಂದು ಕತೆ ಹೇಳಿದರು.

ಹೊಳೆಯ ದಂಡೆಯ ಊರಿನಲ್ಲಿ ಜಂಬಣ್ಣ ಎಂಬ ಅಂಬಿಗನಿದ್ದ. ನಡುವಯಸ್ಸಿನಲ್ಲಿ ಅವನಿಗೆ ಎಲುಬಿನ ಬೇನೆ ಹತ್ತಿತು. ಎಡಗಣ್ಣಿನ ಸುತ್ತಲಿನ ಎಲುಬು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಯಿತು. ಹುಬ್ಬು ಊದಿತು. ಕಣ್ಣಿನ ಗೂಡು ಇಕ್ಕಟ್ಟಾಗಿ, ಕಣ್ಣು ಕೆನ್ನೆಯ ಕಡೆಗೆ ಜಾರಿ ಹೊರಚಾಚಿತು; ಅದರ ದೃಷ್ಟಿಯೂ ಹೋಯಿತು. ವೈದ್ಯರು ಬೇನೆಯನ್ನು ನಿಲ್ಲಿಸಿದರು. ಬೆಳೆದ ಎಲುಬನ್ನು ಹಿಂದಕ್ಕೆ ಕಳಿಸುವುದು ಅವರಿಂದಲೂ ಆಗಲಿಲ್ಲ.

ಬಸುರಿಯರು ಅವನ ಹರಿಗೋಲು ಹತ್ತಲು ಹೆದರಿದರು. ಅವನು ಯಾರನ್ನೂ ದೂರಲಿಲ್ಲ. ಹುಟ್ಟನ್ನು ಮಗನ ಕೈಗೆ ಕೊಟ್ಟ. ರುಮಾಲಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು, ಹಳೆಯ ಹರಿಗೋಲುಗಳ ಬಿದಿರು ಬಿಗಿಯುತ್ತ ಕೂತ.

ಸೊಸೆ ದುರುಗಮ್ಮ ಹೊಳೆಯಾಚೆಯ ತವರಿನಲ್ಲಿ ಹೆತ್ತಳು. ಮನೆಯವರೆಲ್ಲ ಹೋಗಿ ಕೂಸನ್ನು ನೋಡಿ ಬಂದರು. ಜಂಬಣ್ಣ ಹೋಗಲಿಲ್ಲ. ತನ್ನನ್ನು ಕಂಡು ಮೊಮ್ಮಗಳು ಬೆದರಿ ಅತ್ತರೆ ಆ ಅಳುವನ್ನು ತಾನು ತಾಳಲಾರೆ ಎಂದು ಅವನಿಗೆ ಗೊತ್ತಿತ್ತು.

ದುರುಗಮ್ಮ ಕೂಸಿನೊಂದಿಗೆ ಗಂಡನ ಮನೆಗೆ ಹೊರಟ ದಿನ ಮಗ ಜ್ವರದಿಂದ ಮಲಗಿದ್ದ. ಅವಳು ಆಚೆ ದಂಡೆಯ ಬಿಸಿಲಲ್ಲಿ ನಿಂತು ಕಾಯುತ್ತಿದ್ದಳು. ಜಂಬಣ್ಣನೇ ಹೋಗಬೇಕಾಯಿತು. ಸೊಸೆಯನ್ನು ಕೂರಿಸಿಕೊಂಡು ಹುಟ್ಟು ಹಾಕತೊಡಗಿದ.

ನಡುಹೊಳೆಯಲ್ಲಿ ಗಾಳಿ ಎದ್ದು ರುಮಾಲನ್ನು ಬಿಚ್ಚಿ ನೀರಿಗೆ ಎಸೆಯಿತು. ಅವನ ಎರಡೂ ಕೈ ಹುಟ್ಟಿನ ಮೇಲಿದ್ದವು. ಥಟ್ಟನೆ ಮುಖ ತಿರುವಿದ. ಕಾಣುವ ಒಂದೇ ಕಣ್ಣು ದಾರಿ ಬಿಟ್ಟಿತು. ಹರಿಗೋಲು ಗಿರ್ರನೆ ತಿರುಗಿ ಬಂಡೆಗಳ ಕಡೆ ಸರಿಯಿತು.

ದುರುಗಮ್ಮ ಕೂಸನ್ನು ಅವುಚಿಕೊಂಡು ಹೇಳಿದಳು: “ಮಾವ, ಈ ಕಡೆ ನೋಡ್ರಿ. ನೀವು ಮುಖ ಮರೆಸಿಕೊಂಡರೆ ನಾವು ದಂಡೆ ಸೇರಂಗಿಲ್ಲ.”

ಜಂಬಣ್ಣ ತಿರುಗಿದ. ಮೈಯೆಲ್ಲ ಕೈಯಾಗಿ ಹುಟ್ಟು ಹಾಕಿದ. ಬಂಡೆಗಳು ಪಕ್ಕಕ್ಕೆ ಸರಿದವು. ಕೂಸು ಅವನ ಊದಿದ ಹುಬ್ಬನ್ನು ನೋಡಿತು. ಜಾರಿದ ಕಣ್ಣನ್ನು ನೋಡಿತು. ಆಮೇಲೆ ಕಿಲಕಿಲ ನಕ್ಕಿತು. ಅಷ್ಟು ಜೋರಾಗಿ ಅದು ಅಲ್ಲಿಯವರೆಗೆ ನಕ್ಕೇ ಇರಲಿಲ್ಲ ಎಂದು ತಾಯಿ ಮುಂದೆ ಎಲ್ಲರಿಗೂ ಹೇಳಿದಳು.

ನೀರು ಶಾಂತವಾಗಿದ್ದ ಕಡೆ ಬಂದಾಗ ಜಂಬಣ್ಣ ಬೇಕೆಂದೇ ಹರಿಗೋಲನ್ನು ಒಂದು ಸುತ್ತು ತಿರುಗಿಸಿದ. ಕೂಸು ಕೇಕೆ ಹಾಕಿತು. ಮತ್ತೊಂದು ಸುತ್ತು ತಿರುಗಿಸಿದ. ಮನೆಯಲ್ಲಿ ಕಾಯುತ್ತಿದ್ದಾರೆಂದು ಸೊಸೆಯೇ ನಗುತ್ತ ನೆನಪಿಸಬೇಕಾಯಿತು.

ದಂಡೆಯಲ್ಲಿ ಕೂಸನ್ನು ಅವನೇ ಎತ್ತಿಕೊಂಡ. ಅದು ಅವನ ಹುಬ್ಬಿನ ಎಲುಬನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ನೆರೆದ ಜನರ ನಡುವೆ ಅವನು ಬರಿಮುಖದಲ್ಲೇ ಮನೆಗೆ ನಡೆದ. ಮರುದಿನದಿಂದ ಹುಟ್ಟು ಅವನ ಕೈಗೆ ಬಂತು. ಕೆಲವರು ಬೇರೆ ಹರಿಗೋಲಿಗೆ ಕಾದರು. ಉಳಿದವರು ಹತ್ತಿದರು. ಹತ್ತಿದವರನ್ನು ಅವನು ಹಾಡುತ್ತ ದಾಟಿಸಿದ.

ಅಂಬಿಗನ ಅಳುಕು ಕಳೆದದ್ದು ತನಗೂ ಸಂತೋಷವೇ, ಆದರೆ ತಾನು ಕೇಳಿದ್ದು ಸಾಧನೆಯ ವಿಷಯ ಎಂದ ಶಿಷ್ಯ.

ಗುರು ನಕ್ಕರು.

“ಆ ಕೂಸು ಯಾವ ಸಾಧನೆ ಮಾಡಿತ್ತಪ್ಪಾ?”