ಮೊದಲ ಕೂಗು

ಬೇಲಿಯ ಈಚೆ ಒಂದು ಹುಂಜ, ಆಚೆ ಇನ್ನೊಂದು. ಬೆಳಗಿನ ಮೊದಲ ಕೂಗು ಯಾರದು ಎಂಬುದೇ ಎರಡೂ ಅಂಗಳದ ಹೇಂಟೆಗಳ ಜಗಳ. ಈಚೆಯ ಅಭಿಮಾನಿ ಗ್ರೂಪಿಗೆ ಚುಕ್ಕಿ ಎಂಬ ಹೇಂಟೆ ಅಡ್ಮಿನ್. ಕಾವಿಗಿಟ್ಟ ಮೊಟ್ಟೆಗಳು ತಣ್ಣಗಾದರೂ ಅದಕ್ಕೆ ಚಿಂತೆಯಿಲ್ಲ, ಆಚೆಯವರನ್ನು ಟ್ರೋಲ್ ಮಾಡದೆ ಮಾತ್ರ ಕಾಳು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈ ಪೈಪೋಟಿಯಲ್ಲಿ ಹುಂಜಗಳ ಕೂಗು ನಸುಕಿನಿಂದ ನಡುರಾತ್ರಿಗೆ ಬಂದು ನಿಂತಿತು.

ಒಂದು ಸಂಜೆ ಈಚೆಯ ಹುಂಜ ಮೆಲ್ಲಗೆ ಕೇಳಿತು: "ಗಂಟಲು ಕಟ್ಟಿದೆ, ಚುಕ್ಕಿ. ಯಜಮಾನನಿಗೂ ನಿದ್ದೆಯಿಲ್ಲ, ಅವನು ನನ್ನನ್ನು ನೋಡುವ ನೋಟ ಸರಿಯಿಲ್ಲ. ಇವತ್ತೊಂದು ದಿನ ಸುಮ್ಮನಿರಲೇ?"

"ಬಾಸ್, ನೀವು ಸುಮ್ಮನಾದರೆ ನಾವು ಆಚೆಯವರಿಗೆ ಮುಖ ತೋರಿಸುವುದು ಹೇಗೆ? ನಿಮಗಾಗಿ ಪ್ರಾಣ ಕೊಡಲೂ ಸಿದ್ಧರಿದ್ದೇವೆ. ನೀವು ಕೂಗಿ."

ಹುಂಜ ಕೂಗಿತು. ಆಚೆಯದೂ ಬಿಡಲಿಲ್ಲ. ಬೆಳಗಾಗುತ್ತಲೇ ನಿದ್ದೆಗೆಟ್ಟ ಯಜಮಾನರಿಬ್ಬರೂ ತಂತಮ್ಮ ಹುಂಜವನ್ನು ಹಿಡಿದು ಒಳಗೆ ಒಯ್ದರು.

ಮಧ್ಯಾಹ್ನ ಎರಡೂ ಅಡುಗೆಮನೆಗಳಿಂದ ಸಾರಿನ ಘಮ ಬಂತು. ಚುಕ್ಕಿ ಬೇಲಿ ಹತ್ತಿ, ಆಚೆಗೆ ಕತ್ತು ಚಾಚಿ ಹೇಳಿತು:

"ಕೇಳಿಸಿಕೊಳ್ಳಿ. ಮೊದಲು ಬೆಂದದ್ದು ನಮ್ಮ ಬಾಸೇ."