ಬಾಳವ್ವನ ಸೈಟು

“ಗುರುಗಳೇ, ಜಾಲತಾಣ ಮಾಡಿಸಿಕೊಳ್ಳಲು ಬಂದವರಿಗೆ ನಮ್ಮ ಕಸುಬಿನ ಪದಗಳನ್ನೆಲ್ಲ ಬಿಡಿಸಿ ಹೇಳುತ್ತ ಕೂರಬೇಕೇ?” ಎಂದು ಶಿಷ್ಯ ಕೇಳಿದ. “ಅವರಿಗೆ ಬೇಕಾದದ್ದು ಕೆಲಸ. ಅರ್ಥವಾಗದಿದ್ದರೆ ಅವರೇ ಬಾಯಿಬಿಟ್ಟು ಕೇಳುತ್ತಾರೆ.”

ಗುರು ಕಂಪ್ಯೂಟರಿನಿಂದ ಕಣ್ಣು ತೆಗೆದು ಅವನ ಕಡೆ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗೌಂಡಿ ಇದ್ದ. ಮಂದಿಯ ಮನೆಗಳನ್ನು ಕಟ್ಟುವುದು ಅವನ ಕೆಲಸ. ಹೆಂಡತಿ ಬಾಳವ್ವ ಅವನ ಜೊತೆಗೇ ಗಾರೆ ಹೊರುತ್ತಿದ್ದಳು. ಬುಟ್ಟಿ ತಲೆಯ ಮೇಲಿದ್ದಾಗ ಹಾಡುತ್ತಿದ್ದಳು. ಬುಟ್ಟಿ ಇಳಿಸಿದರೆ ಹಾಡೂ ನಿಲ್ಲುತ್ತಿತ್ತು. ಕೂತು ಹಾಡು ಎಂದರೆ ಒಂದು ಸೊಲ್ಲೂ ನೆನಪಾಗದು ಅನ್ನುತ್ತಿದ್ದಳು.

ಅವಳಿಗೆ ಒಂದು ಆಸೆ ಇತ್ತು. ತನ್ನ ಹೆಸರಿನಲ್ಲಿ ಒಂದು ಸೈಟು ಇರಬೇಕು. ಮನೆ ಆಮೇಲೆ ಆಗಲಿ, ಆಗದೆ ಇರಲಿ. ಹೊಸ ಬಡಾವಣೆಗೆ ಕೆಲಸಕ್ಕೆ ಹೋದಾಗಲೆಲ್ಲ ಖಾಲಿ ಸೈಟುಗಳ ನಡುವೆ ನಡೆದು, ಇದು ಅಡ್ಡಿಯಿಲ್ಲ, ಇದಕ್ಕೆ ಗಾಳಿ ಸಾಲದು ಎಂದು ಆರಿಸುತ್ತಿದ್ದಳು. ಗೌಂಡಿ ನಗುತ್ತಿದ್ದ. ಆ ಆಸೆ ಕೈಗೂಡುವ ಮೊದಲೇ ಅವಳು ತೀರಿಕೊಂಡಳು.

ಉಳಿದದ್ದು ಅವನ ಫೋನಿನಲ್ಲಿದ್ದ ಅವಳ ಹಾಡುಗಳು. ಅವಳಿಗೆ ತಿಳಿಯದಂತೆ ಹಿಡಿದಿಟ್ಟುಕೊಂಡಿದ್ದ. ಒಂದು ಹಾಡಿನ ನಡುವೆ ಅವಳು ಅವನನ್ನು ಕಂಡುಬಿಟ್ಟು, “ಬಂದ್ ಮಾಡ್ರೀ ಅದನ್ನ, ಸಿಮೆಂಟ್ ಗಟ್ಟಿ ಆಗಾಕತ್ತೈತಿ” ಎಂದು ಬೈದದ್ದೂ ಅದರಲ್ಲಿತ್ತು. ಹಾಡುಗಳಿಗಿಂತ ಅವನು ಆ ಬೈಗುಳವನ್ನೇ ಹೆಚ್ಚು ಕೇಳುತ್ತಿದ್ದ.

ಫೋನು ಹಳೆಯದಾಗಿತ್ತು. ಗಾಜು ಒಡೆದಿತ್ತು. ಆಗಾಗ ತಾನಾಗಿಯೇ ಆರಿಹೋಗುತ್ತಿತ್ತು. ಇದು ಪೂರ್ತಿ ಕೆಟ್ಟರೆ ಅವಳ ದನಿಯೂ ಹೋಯಿತು ಎಂದು ಅವನಿಗೆ ಹೆದರಿಕೆ ಹುಟ್ಟಿತು. ಜಾಲತಾಣ ಮಾಡಿಕೊಡುವ ಯುವಕನೊಬ್ಬ ಆ ಊರಿನಲ್ಲಿದ್ದ. ಒಳ್ಳೆಯವನು. ಗೌಂಡಿ ಅವನ ಬಳಿಗೆ ಹೋಗಿ ಫೋನನ್ನು ಮುಂದಿಟ್ಟು, ಸಂಗತಿ ಹೇಳಿದ.

“ಚಿಂತಿ ಬಿಡ್ರಿ ಕಾಕಾ,” ಎಂದ ಯುವಕ. “ಕಾಕಿ ಹೆಸರಿನಾಗ ಒಂದು ಸೈಟ್ ಮಾಡೂಣು. ಎಲ್ಲಾ ಹಾಡೂ ಅಲ್ಲೇ ಇರತಾವ. ಯಾರು ಬೇಕಾದರೂ ಬಂದು ಕೇಳಬಹುದು.”

“ಆಕಿ ಹೆಸರಿನಾಗ ಸೈಟು?”

“ಹೌದ್ರಿ. ಬಾಳವ್ವ ಅಂತನ ರಿಜಿಸ್ಟರ್ ಮಾಡಸೂದು.”

ಗೌಂಡಿ, “ಮೂಲಿ ಸೈಟೋ, ನಡುವಿಂದೋ?” ಎಂದ.

“ಮೂಲಿ ಸೈಟರೀ ಕಾಕಾ. ಮೂಡಣಕ್ಕ ಬಾಗಲಾ.”

ಇಬ್ಬರೂ ನಕ್ಕರು. ಯುವಕ ಅದನ್ನು ತಮಾಷೆ ಎಂದುಕೊಂಡ. ಗೌಂಡಿಗೂ ಅದು ನೆಲವಲ್ಲ ಎಂದು ತಿಳಿದಿತ್ತು. ಆದರೆ ನೆಲ ಅಲ್ಲದಿದ್ದರೂ ಸೈಟು ಸೈಟೇ ಎಂದುಕೊಂಡ. ರಿಜಿಸ್ಟರ್ ಆದಮೇಲೆ ಅದು ಅವಳದು. ಇನ್ನು ಯಾರೂ ಅವಳನ್ನು ಅಲ್ಲಿಂದ ಏಳು ಅನ್ನುವಂತಿಲ್ಲ.

“ವರ್ಷಕ್ಕೊಮ್ಮೆ ಕಟ್ಟಬೇಕಾಗತೈತಿ, ಮರೀಬ್ಯಾಡ್ರಿ,” ಎಂದ ಯುವಕ.

“ಗೊತ್ತೈತಿ ತಮ್ಮಾ. ಕಂದಾಯ.”

“ಹಾಂ, ಹಂಗ ಅನಕೋರಿ.”

ಗೌಂಡಿಗೆ ವಿಷಯ ಅರ್ಥವಾಯಿತು ಎಂದು ಯುವಕನಿಗೆ ಸಮಾಧಾನವಾಯಿತು.

ಸೈಟು ಸಿದ್ಧವಾದ ದಿನ ಗೌಂಡಿ ಕೆಲಸದ ಜಾಗದಲ್ಲಿ ಎಲ್ಲರಿಗೂ ಪೇಡೆ ಹಂಚಿದ. ಹಳೆಯ ಫೋನನ್ನು ಗುಜರಿಯವನಿಗೆ ಕೊಟ್ಟ. ಅವಳ ಹಾಡುಗಳಿಗೆ ಸ್ವಂತ ಸೈಟು ಆದಮೇಲೆ ಈ ಸೋರುವ ಬಾಡಿಗೆ ಮನೆ ಯಾಕೆ ಎಂದ. ಮಾತಾಡುವುದಕ್ಕಷ್ಟೇ ಬರುವ ಒಂದು ಸಣ್ಣ ಫೋನು ತಂದುಕೊಂಡ. ಸಂಜೆ ಚಹಾದಂಗಡಿಯಲ್ಲಿ ಯಾರದಾದರೂ ದೊಡ್ಡ ಫೋನು ಕೇಳಿ ಪಡೆದು, “ಬರ್ರಿ, ಬಾಳವ್ವನ ಸೈಟಿಗೆ ಹೋಗಿ ಬರೂಣು” ಅನ್ನುತ್ತಿದ್ದ.

“ಏನಪಾ ಗೌಂಡಿ, ಸೈಟಿನ ಮಾಲಕಾ ಆದಿ. ಪಾಯಾ ಯಾವಾಗ ಹಾಕ್ತಿ?” ಎಂದು ಗೆಳೆಯರು ಕೆಣಕುತ್ತಿದ್ದರು.

“ಮಾಲಕಿ ಆಕಿ. ಆಕಿನ್ನ ಕೇಳ್ರಿ,” ಎಂದು ಅವನು ಹಾಡು ಹಚ್ಚುತ್ತಿದ್ದ. ಹಾಡು ಶುರುವಾದ ಮೇಲೆ ಯಾರೂ ಕೆಣಕುತ್ತಿರಲಿಲ್ಲ.

ಮರುವರ್ಷ ಸೈಟಿನ ದುಡ್ಡು ಕಟ್ಟುವ ಹೊತ್ತಿಗೆ ಅವನು ದೂರದ ಹಳ್ಳಿಯೊಂದರಲ್ಲಿ ಶಾಲೆ ಕಟ್ಟುತ್ತಿದ್ದ. ಅಲ್ಲಿ ಯಾರ ಫೋನಿಗೂ ಸಿಗ್ನಲ್ ಸಿಗುತ್ತಿರಲಿಲ್ಲ. ಕೆಲಸ ತಿಂಗಳುಗಟ್ಟಲೆ ಎಳೆಯಿತು. ಕಟ್ಟುವ ದುಡ್ಡನ್ನು ಅವನು ತೆಗೆದಿಟ್ಟಿದ್ದ. ಊರಿಗೆ ಹೋದಾಗ ಕಟ್ಟಿದರಾಯಿತು ಎಂದುಕೊಂಡ. ಕಂದಾಯ ತಡವಾದರೆ ದಂಡ ಹಾಕುತ್ತಾರೆ. ಸೈಟನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ. ಅವನು ಕಂಡ ಮಟ್ಟಿಗೆ ಅದು ನಿಜವೇ ಆಗಿತ್ತು. ದುಡ್ಡು ಕಟ್ಟಿ ಎಂಬ ಎಚ್ಚರಿಕೆಗಳು ಬಂದವು. ಯುವಕ ಅವನಿಗೆಂದು ತೆರೆದುಕೊಟ್ಟಿದ್ದ ಇಮೇಲಿಗೆ ಬಂದವು. ಆ ಇಮೇಲನ್ನು ಅವನು ಎಂದೂ ನೋಡಿದವನಲ್ಲ.

ಶಾಲೆ ಮುಗಿಯಿತು. ಊರಿಗೆ ಬಂದವನು ಮನೆಗೂ ಹೋಗದೆ ಚಹಾದಂಗಡಿಗೆ ಹೋದ. ಪರಿಚಯದವನೊಬ್ಬ ತನ್ನ ಫೋನಿನಲ್ಲಿ ಬಾಳವ್ವನ ಹೆಸರು ಒತ್ತಿದ. ಹಾಡು ಬರಲಿಲ್ಲ. ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಓದಿ ಹೇಳು ಎಂದ ಗೌಂಡಿ. ಪರಿಚಯದವನು ತನ್ನಷ್ಟಕ್ಕೆ ಓದಿಕೊಂಡ. ಆಮೇಲೆ ಹೇಳಿದ: ಈ ಹೆಸರು ಮಾರಾಟಕ್ಕಿದೆ.

ಗೌಂಡಿ ಯುವಕನ ಬಳಿಗೆ ಓಡಿದ.

“ತಮ್ಮಾ, ಯಾರೋ ಬಾಳವ್ವನ ಸೈಟು ಒತ್ತುವರಿ ಮಾಡ್ಯಾರ. ಮಾರಾಟಕ್ಕ ಐತಿ ಅಂತ ಬೋರ್ಡ್ ಹಾಕ್ಯಾರ. ಆಕಿ ಹೆಸರಿಗೆ ರಿಜಿಸ್ಟರ್ ಆಗೈತಿ, ಹೌದಲ್ಲೋ? ನಡಿ, ತಗಸೂಣು.”

ಯುವಕ ನೋಡಿದ. ಹೆಸರಿನ ಅವಧಿ ಮುಗಿದು ಬಹಳ ದಿನವಾಗಿತ್ತು. ಆ ಹೆಸರು ಕೊಂಡದ್ದಲ್ಲ, ವರ್ಷದ ಮಟ್ಟಿಗೆ ಪಡೆದದ್ದು. ಹಾಡುಗಳನ್ನು ಇಟ್ಟಿದ್ದ ಜಾಗ ಬೇರೆ ಯಾರದೋ ಕಂಪ್ಯೂಟರಿನಲ್ಲಿ ಬಾಡಿಗೆಗೆ ಹಿಡಿದದ್ದು. ಅದನ್ನೂ ಅಳಿಸಿದ್ದರು. ಯುವಕ ತನ್ನ ಬಳಿ ಹಾಡುಗಳ ಒಂದು ಪ್ರತಿಯನ್ನೂ ಇಟ್ಟುಕೊಂಡಿರಲಿಲ್ಲ. ಗೌಂಡಿಯ ಫೋನಿನಲ್ಲಿ ಇದ್ದೇ ಇರುತ್ತವೆ ಎಂದುಕೊಂಡಿದ್ದ. ಇದನ್ನೆಲ್ಲ ಹೇಗೆ ಹೇಳುವುದೆಂದು ತೋಚಲಿಲ್ಲ. ದಿನವೂ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದ.

“ಎಕ್ಸ್‌ಪೈರ್ ಆಗೈತ್ರಿ ಕಾಕಾ.”

ಗೌಂಡಿ ಆ ಮಾತನ್ನು ಕೇಳದವನಲ್ಲ. ಬಾಳವ್ವ ತೀರಿಕೊಂಡ ದಿನ ಆಸ್ಪತ್ರೆಯಲ್ಲಿ ನರ್ಸು ಹೊರಗೆ ಬಂದು ಅವನಿಗೆ ಹೇಳಿದ್ದು ಅದೇ ಮಾತು.

“ಅದು ನನಗ ಗೊತ್ತಿಲ್ಲೇನೋ ತಮ್ಮಾ?” ಎಂದ. “ಆಕಿ ಎಕ್ಸ್‌ಪೈರ್ ಆಗಿ ಭಾಳ ದಿನ ಆತು. ನಾ ಕೇಳಾಕತ್ತಿದ್ದು ಸೈಟಿನ ಸುದ್ದಿ.”

ಗೌಂಡಿ ಉತ್ತರಕ್ಕಾಗಿ ಯುವಕನ ಬಾಯಿಯನ್ನೇ ನೋಡುತ್ತ ನಿಂತ.

ಗುರು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

ಶಿಷ್ಯ, “ಆದರೂ ಗುರುಗಳೇ, ತನಗೆ ಅರ್ಥವಾಗದ ಪದವನ್ನು ಅವನು ಮೊದಲ ದಿನವೇ ಕೇಳಬಹುದಿತ್ತಲ್ಲ?” ಎಂದ.

“ಯಾವ ಪದವನ್ನು ಕೇಳಬೇಕಿತ್ತು?” ಎಂದರು ಗುರು.