ಬಾಣಂತಿಗೆ ಕೊಡದ ನೀರು

“ಅಪ್ಪಾರ, ನಮ್ಮ ಮನಿ ಕೂಸು ಅಳು ನಿಲ್ಲಸವಲ್ಲದು. ದೃಷ್ಟಿ ತೆಗದೀವಿ, ಬಜಿ ತೇದು ನೆಕ್ಕಿಸೀವಿ, ಲೋಬಾನದ ಹೊಗಿ ಹಾಕೀವಿ. ಇನ್ನೇನು ಮಾಡೂಣ್ರಿ? ಒಂದು ತಾಯತ ಮಂತ್ರಿಸಿ ಕೊಡ್ರಿ” ಎಂದು ಅಡಿವೆಪ್ಪ ಮಠದ ಗುರುಗಳಿಗೆ ಕೈಮುಗಿದು ಕೇಳಿದ.

ಗುರುಗಳು ತಾಯತ ಕೊಡಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಯ ಹೆಂಡತಿ ಗಂಡು ಹೆತ್ತಳು. ತವರಿನಲ್ಲಿ ತಾಯಿ ಇಲ್ಲದ ಹುಡುಗಿ, ಹಾಗಾಗಿ ಬಾಣಂತನ ಗಂಡನ ಮನೆಯಲ್ಲೇ ನಡೆಯಿತು. ಅವಳಿಗೆ ಏನೂ ಕಡಿಮೆ ಮಾಡಿಲ್ಲ ಎಂದು ಮನೆಯವರು ಓಣಿಗೆಲ್ಲ ಹೇಳಿಕೊಂಡು ತಿರುಗಿದರು. ಕಡಿಮೆ ಮಾಡಿದ್ದೂ ಇಲ್ಲ. ಅಂಟಿನುಂಡೆ, ತುಪ್ಪ, ಮೆಣಸಿನ ಸಾರು, ಬಿಸಿ ಅನ್ನ, ಎಲ್ಲವೂ ಹೊತ್ತುಹೊತ್ತಿಗೆ ಬರುತ್ತಿದ್ದವು. ನೀರೊಂದು ಬರುತ್ತಿರಲಿಲ್ಲ. ಊಟವಾದ ಮೇಲೆ ಬಾಯಿ ಒದ್ದೆ ಮಾಡಿಕೊಳ್ಳುವಷ್ಟು ಕೊಟ್ಟು ಲೋಟ ಕಿತ್ತುಕೊಳ್ಳುತ್ತಿದ್ದರು.

“ಅತ್ತಿ, ಇನ್ನೊಂದು ಗುಟುಕು ಕೊಡ್ರಿ. ಗಂಟಲು ಒಣಗಿ ಹೋಗೇದ.”

“ಬಾಣಂತಿ ನೀರು ಕುಡದ್ರ ಕೂಸಿಗೆ ಥಂಡಿ ಹತ್ತತದ. ನಾನೂ ಹಡದಾಕಿನ. ನಾ ತಡಕೊಂಡಿಲ್ಲೇನು?”

ಗಂಡ ಪಡಸಾಲೆಯಲ್ಲಿದ್ದ. ಮಾತು ಅವನ ಕಿವಿಗೂ ಬಿತ್ತು. ಹೆಂಗಸರ ವಿಷಯ ತನಗೇಕೆ ಎಂದು ಸುಮ್ಮನಾದ. ಅಂಗಡಿಯಿಂದ ಬಂದಾಗಲೆಲ್ಲ ಅವನು ತಂಬಿಗೆ ಎತ್ತಿ ಗಟಗಟ ಕುಡಿಯುವ ಸಪ್ಪಳ ಒಳಗೆ ಮಲಗಿದವಳಿಗೆ ಕೇಳಿಸುತ್ತಿತ್ತು.

ಎದೆಹಾಲು ಕಡಿಮೆಯಾಯಿತು. ಕೂಸು ಕಚ್ಚುತ್ತಿತ್ತು, ಸಿಗದೆ ಬಿಡುತ್ತಿತ್ತು, ಅತ್ತು ಅತ್ತು ಅದರ ದನಿಯೇ ಬಿದ್ದುಹೋಯಿತು. ಕೂಸಿನ ಕೆಳಗೆ ಹಾಸಿದ ಅರಿವೆ ಉಚ್ಚೆ ಕಾಣದೆ ಹಾಸಿದ ಹಾಗೇ ಒಣಗಿರುತ್ತಿತ್ತು. ಅದನ್ನು ಮುಟ್ಟಿ ನೋಡಿದಾಗಲೆಲ್ಲ ತಾಯಿಗೆ ಜೀವ ಹಾರಿದಂತಾಗುತ್ತಿತ್ತು. ತನ್ನ ಕೂಸು ಉಳಿಯುವುದಿಲ್ಲ ಎಂಬ ಭಯ ಅವಳನ್ನು ಹಿಡಿಯಿತು. ಯಾರದೋ ಕಣ್ಣು ಬಿದ್ದಿದೆ ಎಂದರು ಮನೆಯವರು. ಮಂತ್ರವಾದಿ ಬಂದ, ಕೂಸಿನ ತೋಳಿಗೆ ತಾಯತ ಕಟ್ಟಿದ. ತಾಯಿಗೆ ಬಾಯಾರಿದೆಯೇ ಎಂದು ಒಬ್ಬರಾದರೂ ಕೇಳಲಿಲ್ಲ.

ಇಷ್ಟರ ನಡುವೆ ದಿನವೂ ಬಾಣಂತಿಗೆ ಎರೆಯುವುದು ತಪ್ಪಿರಲಿಲ್ಲ. ಎರೆಯಲು ಹಂಡೆಗಟ್ಟಲೆ ನೀರು ಕಾಯುತ್ತಿತ್ತು. ತಾಯತ ಕಟ್ಟಿದ ದಿನವೂ ಅತ್ತೆ ಹಿಂದೆ ನಿಂತು ನೆತ್ತಿಯ ಮೇಲೆ ಚೊಂಬು ಚೊಂಬು ಸುರಿದಳು. ಮುಂದೆ ಬಗ್ಗಿ ಕೂತವಳು, ಕೂದಲ ಮರೆಯಲ್ಲಿ, ಬಾಯಿ ತೆರೆದಳು. ಎಣ್ಣೆ, ಸೀಗೆಪುಡಿ, ಮೈಯ ಬೆವರು ಎಲ್ಲ ಕೂಡಿ ಇಳಿದ ಬಿಸಿನೀರನ್ನು ನುಂಗಿದಳು. ವಾಕರಿಕೆ ಬಂತು. ಅದನ್ನೂ ನುಂಗಿದಳು.

ಗುರುಗಳ ದನಿ ಗಡುಸಾಯಿತು. ಮನೆ ತುಂಬ ನೀರಿತ್ತು ನೋಡಪ್ಪ. ದನಕ್ಕೆ ಇತ್ತು, ಅಂಗಳಕ್ಕೆ ಚೆಲ್ಲಲು ಇತ್ತು. ಹೆತ್ತವಳು ಮಾತ್ರ ಕಳ್ಳಿಯ ಹಾಗೆ ಕದ್ದು, ಮೈತೊಳೆದ ನೀರು ಕುಡಿಯಬೇಕಾಯಿತು. ಹೆತ್ತ ಕೂಸಿಗಾಗಿ ಕುಡಿದಳು. ಥೂ, ಅದೂ ಒಂದು ಮನೆಯೇ!

ಅವಳು ಹಾಗೇ ದಿನವೂ ಕುಡಿದಳು. ಎದೆಯಲ್ಲಿ ಮತ್ತೆ ಹಾಲು ತುಂಬಿತು. ಕೂಸಿನ ಅರಿವೆ ಒದ್ದೆಯಾಯಿತು, ಅಳು ನಿಂತಿತು. ಅತ್ತೆ ಓಣಿಯವರನ್ನು ಕರೆದು ಕೂಸಿನ ತೋಳು ಎತ್ತಿ ತೋರಿಸಿದಳು. ವ್ಯಾಪಾರಿ ಮಂತ್ರವಾದಿಗೆ ಹೊಸ ಧೋತರ ಉಡಿಸಿ ಕಾಲಿಗೆ ಬಿದ್ದ. ಹೆಂಡತಿ ಒಳಗಿನಿಂದ ಅದನ್ನೆಲ್ಲ ನೋಡುತ್ತಿದ್ದಳು. ನಿಜ ಹೇಳಿದರೆ ನಾಳೆಯಿಂದ ಮುಖ ಮೇಲೆತ್ತಿಸಿ ಎರೆಯುತ್ತಾರೆ ಎಂದು ಹೆದರಿ ತುಟಿ ಬಿಚ್ಚಲಿಲ್ಲ.

ಅಡಿವೆಪ್ಪನಿಗೆ ಸಿಟ್ಟು ತಡೆಯಲಾಗಲಿಲ್ಲ. “ಎಂಥಾ ಮಂದಿ ರೀ ಅಪ್ಪಾರ! ಅವ್ವ ಏನರೇ ಅನ್ನಲಿ, ಆ ಗಂಡಗ ಕರುಳು ಇರಲಿಲ್ಲೇನು? ಹೇಣ್ತಿ ಕೇಳಿದ್ದು ಕಿವಿಗೆ ಬಿದ್ದಿತ್ತಲ್ಲ!”

ಗುರುಗಳು ಅವನನ್ನೇ ನೋಡುತ್ತ ಕೇಳಿದರು: “ನೀ ಮನಿ ಬಿಟ್ಟು ಬರೂಮುಂದ ನಿನ್ನ ಹೇಣ್ತಿ ನೀರು ಕೇಳಿದಳೋ, ಇಲ್ಲಾ ಕೇಳೂದನ್ನೂ ಬಿಟ್ಟಾಳೋ?”